ಕೈಲಾಂಚದಲ್ಲಿ ದೆವ್ವ ಕಳುವಾದ ಪ್ರಕರಣ

ಸಮಸ್ತ ನಾಗರಿಕರ ಗಮನಕ್ಕೆ: ಭಾನುವಾರ ಬೆಳಗ್ಗೆ ಎಂಟೂ ಕಾಲಿಗೆ, ರಾಮನಗರ ತಾಲ್ಲೂಕು ಕೈಲಾಂಚದ ಒಂದು ಮನೆಯ ಪಡಸಾಲೆಯಿಂದ ನೂರೈವತ್ತು ದೆವ್ವಗಳು ಕಾಣೆಯಾಗಿವೆ. ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ. ಎದೆಯ ಮೇಲೆ ಬಾವಿಯ ಚಿತ್ರವಿದೆ. ಕಂಡವರು ಓದದೆ ಹಿಂದಿರುಗಿಸಬೇಕಾಗಿ ವಿನಂತಿ.

ದೆವ್ವಗಳೆಂದರೆ ಪುಸ್ತಕಗಳು. ಪ್ರತಿಮಾಳ ಚೊಚ್ಚಲ ಕಾದಂಬರಿ. ಹನ್ನೊಂದಕ್ಕೆ ರಾಮನಗರದಲ್ಲಿ ಬಿಡುಗಡೆ.

ಕಥೆ ಅವಳ ಮನೆಯದೇ. ಅಜ್ಜಿ ಮುನಿಯಮ್ಮನ ನಾದಿನಿ ಗೌರಮ್ಮ ಹರೆಯದಲ್ಲೇ ಬಾವಿಗೆ ಬಿದ್ದು ಸತ್ತಳೆಂದು ಊರಿಗೆ ಹೇಳಿ ಮನೆಯವರು ವರ್ಷವರ್ಷವೂ ಎಡೆ ಇಡುತ್ತಿದ್ದರು. ಅವಳ ದೆವ್ವಕ್ಕೆ ಹೆದರಿ ಮಕ್ಕಳು ಹಿತ್ತಲಿಗೂ ಹೋಗುತ್ತಿರಲಿಲ್ಲ. ಗೌರಮ್ಮನೋ, ಮೆಚ್ಚಿದ ಗೊಂಬೆ ಕೆಲಸದವನನ್ನು ಕಟ್ಟಿಕೊಂಡು ಚನ್ನಪಟ್ಟಣದಲ್ಲಿ ಬುಗುರಿಗೆ ಬಣ್ಣ ಹಚ್ಚುತ್ತಿದ್ದಳು. ಎಡೆ ಇಲ್ಲಿ, ಊಟ ಅಲ್ಲಿ. ಇದನ್ನೆಲ್ಲ ಕೆದಕಿ ಬರೆದ ಪ್ರತಿಮಾ, ಮೊದಲ ಪ್ರತಿಯನ್ನು ಆ ಮುದುಕಿಯ ಕೈಗೇ ಕೊಡುವುದಾಗಿ ಮಾತು ಕೊಟ್ಟಿದ್ದಳು.

"ಆಯಮ್ಮ ಆಗ್ಲೇ ಬಸ್ ಹತ್ತವ್ರೆ ಮೇಡಂ. ಪುಸ್ತಕ ಇಲ್ಲ ಅಂದ್ರೆ ಇನ್ನೊಂದ್ಸಲ ಸಾಯ್ಸಿದಂಗೆ," ಎಂದಳು.

ಮೇಡಂ ಎಂದರೆ ಹಫೀಜಾ. ಸಮಾರಂಭದ ಅತಿಥಿ, ಪುಸ್ತಕ ಒಯ್ಯಲು ಕಾರು ತಂದವರು, ನಿವೃತ್ತ ಇನ್ಸ್‌ಪೆಕ್ಟರ್. ಪೊಲೀಸ್ ಅಲ್ಲ, ರೇಷ್ಮೆ ಇಲಾಖೆ. ಮೂವತ್ತು ವರ್ಷ ಹುಳುಗಳ ಯೋಗಕ್ಷೇಮ ವಿಚಾರಿಸಿದವರು, ಈಗ ಮನುಷ್ಯರನ್ನು ವಿಚಾರಿಸಲು ಕುರ್ಚಿ ಎಳೆದುಕೊಂಡರು.

"ಕೊನೆಗೆ ನೋಡಿದ್ದು ಯಾರು?"

"ನಾನು ಕಣವ್ವ," ಎಂದಳು ಮುನಿಯಮ್ಮ. "ಆರು ಗಂಟೇಲಿ ಕಸ ಗುಡ್ಸುವಾಗ ಐದು ಕಟ್ಟೂ ಇದ್ವು. ಆಮೇಲೆ ಹಾಲಾಕಕ್ಕೆ ಡೇರಿಗೋದೆ."

ಮೊದಲ ಸಂಶಯ ಪ್ರಕಾಶಕ ಜಯಕುಮಾರನ ಮೇಲೆ. ಅವನ ಮುಖದಲ್ಲಿ ದುಃಖಕ್ಕಿಂತ ಲೈಕುಗಳೇ ಹೆಚ್ಚಿದ್ದವು.

"ಏನ್ರೀ ಪೋಸ್ಟ್ ಹಾಕಿದೀರ?"

"'ಪುಸ್ತಕಾನ ದೆವ್ವಾನೇ ಹೊತ್ಕೊಂಡೋಯ್ತು' ಅಂತ. ಅರ್ಧ ಗಂಟೇಲಿ ಆರ್ನೂರು ಜನ ನೋಡವ್ರೆ ಮೇಡಂ."

"ನೀವೇ ಬಚ್ಚಿಟ್ಟು ಹಾಕಿದ್ರಾ?"

"ಅಯ್ಯೋ, ಈ ಕಡೆ ಬರ್ತಾ ಎಂಟಕ್ಕೆ ಬಿಡದೀಲಿ ತಟ್ಟೆ ಇಡ್ಲಿ ತಿಂತಿದ್ದೆ. ಫೋಟೋ ಹಾಕಿದೀನಿ, ನೋಡಿ. ನಾನು ತಿನ್ನೋಕ್ ಮುಂಚೆ ಪೋಸ್ಟ್ ಮಾಡೋ ಆಸಾಮಿ."

ಫೋಟೋ ಇತ್ತು. ಚಟ್ನಿಯೂ ಇತ್ತು. ಹಿಂದಿನ ಕನ್ನಡಿಯಲ್ಲಿ ಜಯಕುಮಾರನೂ ಇದ್ದ.

ಇನ್ನುಳಿದದ್ದು ಮುನಿಯಮ್ಮನ ಮಗ, ಪ್ರತಿಮಾಳ ಚಿಕ್ಕಪ್ಪ ನಂಜುಂಡಯ್ಯ. ಮುಂದಿನ ವಾರ ಡೇರಿ ಸಂಘದ ಅಧ್ಯಕ್ಷಗಿರಿಗೆ ನಿಂತವರು. 'ಮರ್ಯಾದಸ್ಥ ಮನೆತನ' ಎಂದು ಕರಪತ್ರವೂ ಹಂಚಿಯಾಗಿತ್ತು.

"ಆರರಿಂದ ಎಂಟರವರೆಗೆ ಎಲ್ಲಿದ್ರಿ?"

"ಎಲ್ಲಿರ್ತೀನಿ ಮೇಡಮ್ಮೋರೆ? ಹಿತ್ಲಲ್ಲಿ, ರೇಷ್ಮೆ ಹುಳಿನ ಮನೇಲಿ. ಸೊಪ್ಪಾಕ್ತಿದ್ದೆ."

"ಎರಡು ಗಂಟೆ ಪೂರ್ತಿ?"

"ನಾಕು ಹೊರೆ ಸೊಪ್ಪು. ಒಸಿ ತಲೆ ಎತ್ತಕ್ಕೂ ಪುರುಸೊತ್ತಿಲ್ಲ. ಕಳ್ರನ್ನ ಎಲ್ಲಿ ನೋಡ್ಲಿ?"

ಹಫೀಜಾ ಎದ್ದು ಹಿತ್ತಲಿಗೆ ಹೋದರು. ಹುಳುವಿನ ಮನೆಯ ಕಿಟಕಿಯ ಜಾಲರಿಗೆ ಕಣ್ಣಿಟ್ಟರು. ಒಂದು ನಿಮಿಷ— ಎರಡು ನಿಮಿಷ. ತಿರುಗಿ ಬಂದವರು ಕೂರಲಿಲ್ಲ.

"ನಂಜುಂಡಯ್ಯನವರೇ, ಹುಳದ ತಟ್ಟೆ ಮೇಲೆಲ್ಲ ಬೆಳ್ಳಗೆ ಏನದು?"

"ಸುಣ್ಣದ ಪುಡಿ."

"ಯಾವಾಗ ಉದುರಿಸ್ತೀರಿ?"

ನಂಜುಂಡಯ್ಯ ಹೆಗಲ ಟವೆಲು ತೆಗೆದು ಕೈ ಒರೆಸತೊಡಗಿದರು.

"ನಾನೇ ಹೇಳ್ತೀನಿ. ಹುಳ ಪೊರೆ ಬಿಡೋವಾಗ, ನೀವೆಲ್ಲ ಜ್ವರ ಅಂತೀರಲ್ಲ, ಆವಾಗ. ಈಗ ನಾಲ್ಕನೇ ಜ್ವರ. ತಲೆ ಎತ್ಕೊಂಡು ಅಲ್ಲಾಡದೆ ಕೂತಿವೆ. ಒಂದು ದಿನಕ್ಕೂ ಹೆಚ್ಚು ಹೊತ್ತು ಬಾಯಿಗೆ ಏನೂ ಮುಟ್ಟಲ್ಲ. ಒಂದೆಲೆ ಕೂಡ ಹಾಕಬಾರದು. ನೀವು ನಾಲ್ಕು ಹೊರೆ ಯಾರಿಗೆ ತಿನ್ನಿಸಿದ್ರಿ?"

ಜಯಕುಮಾರ್ ಫೋನ್ ಕೆಳಗಿಟ್ಟ.

"ವರ್ಷವೆಲ್ಲ ಯಾರು ಎಲ್ಲಿದ್ದೆ ಅಂದ್ರೂ ನಿಮ್ಮದು ಒಂದೇ ಜವಾಬು, ಸೊಪ್ಪು ಹಾಕ್ತಿದ್ದೆ. ಇವತ್ತೂ ಅದೇ ಬಾಯಿಗೆ ಬಂತು. ಕೇಳಿದವಳು ಯಾರು ಅಂತ ಮರೆತ್ರಿ. ಹುಳಕ್ಕೆ ಕೆಲಸ ಇಲ್ಲದ ದಿನ ನೀವು ಒಳಗೆ ಹೋಗಿದ್ದು ಪುಸ್ತಕ ಇಡೋಕೆ."

"ಊಂ, ಇಟ್ಟಿವ್ನಿ," ಎಂದರು ನಂಜುಂಡಯ್ಯ. ಸಿಕ್ಕಿಬಿದ್ದವರ ದನಿಯಲ್ಲ ಅದು. "ಎಡೆ ಇಟ್ಟು ಮುಗಿಸಿದ ಮ್ಯಾಟರ್‌ನ ಮೈಕ್ ಹಾಕ್ಕೊಂಡು ಓದುದ್ರೆ ನನಗ್ಯಾರು ವೋಟಾಕ್ತಾರೆ? ತಟ್ಟೆ ಸ್ಟ್ಯಾಂಡಿನ ಕೆಳಗವೆ. ಆದ್ರೆ ಜ್ವರದಲ್ಲಿರೋ ಹುಳಿನ ಮನೆಗೆ ಹೊರಗಿನೋರು ಕಾಲಿಡಂಗಿಲ್ಲ. ರೋಗ ಅಂಟುದ್ರೆ ಬೆಳೆನೇ ಹೋಯ್ತದೆ. ಟ್ರೈನಿಂಗ್‌ನಲ್ಲಿ ಇದನ್ನ ಹೇಳ್ಕೊಟ್ಟೋರು ಯಾರು ಮೇಡಮ್ಮೋರೆ?"

"ನಾನೇ," ಎಂದರು ಹಫೀಜಾ. ಎಲ್ಲರೊಡನೆ ಹಿತ್ತಲಿಗೆ ನಡೆದರೂ ಅವರ ಕಾಲೂ ಹುಳುವಿನ ಮನೆಯ ಹೊಸ್ತಿಲ ಈಚೆಯೇ ನಿಂತಿತು.

"ನಾಳೆ ಜ್ವರ ಬಿಟ್ಟು ಹುಳ ಎದ್ಮೇಲೆ ಬನ್ನಿ. ನಾನೇ ಕಾರಿಗೆ ಇಕ್ಕೊಡ್ತೀನಿ."

ಒಂಬತ್ತೂ ಮುಕ್ಕಾಲು. ಪ್ರತಿಮಾ ಕಣ್ಣೊರೆಸಿಕೊಂಡಳು. ಪತ್ತೆಯಾದ ಕಳವು, ಒಪ್ಪಿಕೊಂಡ ಕಳ್ಳ, ಕಣ್ಣಿಗೇ ಕಾಣುವ ಮಾಲು. ಆದರೂ ಕೈಗೆ ಸಿಗುತ್ತಿಲ್ಲ.

"ಲೇ ನಂಜುಂಡ," ಎಂದಳು ಮುನಿಯಮ್ಮ. "ಹೊರಗಿನೋರು ಅಂದ್ರೆ ಯಾರ್ಲಾ?"

"ಬೆಳೆಗಾರನ್ನ ಬುಟ್ಟು ಮಿಕ್ಕೋರೆಲ್ಲ ಕಣವ್ವ."

"ಬೆಳೆಗಾರ ಯಾರು?"

"ನಾನೇ."

"ಪಾಸ್‌ಬುಕ್ ಯಾರ ಹೆಸರಲ್ಲೈತೆ? ಸಬ್ಸಿಡಿ ಬತ್ತದೆ, ಹೆಬ್ಬೆಟ್ಟೊತ್ತು ಅಂತ ಕರ್ಕೊಂಡೋಗಿದ್ಯಲ್ಲ?"

ನಂಜುಂಡಯ್ಯ ಹಫೀಜಾರ ಕಡೆ ನೋಡಿದರು.

"ದಾಖಲೆ ಪ್ರಕಾರ ಬೆಳೆಗಾರರು ಮುನಿಯಮ್ಮ," ಎಂದರು ಹಫೀಜಾ. "ಆ ಫಾರಂ ತುಂಬಿದ್ದೂ ನಾನೇ."

ಮುನಿಯಮ್ಮ ಬಾಗಿಲ ಬಳಿಯಿದ್ದ ಬ್ಲೀಚಿಂಗ್ ನೀರಿಗೆ ಕಾಲದ್ದಿ, ಸದ್ದಾಗದಂತೆ ಒಳಗೆ ಹೋದಳು. ಒಂದೊಂದಾಗಿ ಐದು ಕಟ್ಟೂ ಹೊರಗೆ ಬಂದವು. ಕೊನೆಯ ಕಟ್ಟಿನಿಂದ ಒಂದು ಪ್ರತಿ ಎಳೆದು, ಸುಣ್ಣ ಕೊಡವಿ, ಕಂಕುಳಲ್ಲಿ ಇಟ್ಟುಕೊಂಡಳು.

"ಗೌರಿ ಕೈಗೆ ನಾನೇ ಕೊಡ್ತೀನಿ. ಐವತ್ತು ವರ್ಷ ಎಡೆ ಇಕ್ಕಿವ್ನಿ, ಅಷ್ಟು ಹಕ್ಕೈತೆ," ಎಂದು ಕಾರು ಹತ್ತಿದಳು.

ನಂಜುಂಡಯ್ಯ ಹುಳುವಿನ ಮನೆಯತ್ತ ಒಂದು ಹೆಜ್ಜೆ ಇಟ್ಟರು.

"ಬೆಳೆಗಾರರು ವಾಪಸ್ ಬರೋವರೆಗೆ ಹೊರಗೇ ಇರಿ," ಎಂದು ಹಫೀಜಾ ಕಾರಿನ ಬಾಗಿಲು ಹಾಕಿಕೊಂಡರು.