ಜೌಗಿನ ಮೇಲೆ ಸದ್ದಿನ ಗೆರೆ

ಹೆಣ್ಣು ಮೂಸ್ ಜೌಗಿನ ನಡುವೆ ಮಗ್ಗುಲಾಗಿ ಬಿದ್ದಿತ್ತು. ನಿಂತಾಗ ಕುದುರೆಗಿಂತ ಎತ್ತರದ, ಜಿಂಕೆ ಜಾತಿಯ ಪ್ರಾಣಿ. ಬಿದ್ದ ಮೇಲೂ ಅದರ ಪಕ್ಕೆ ಸಿರ್ಕಾಳ ಮೊಣಕಾಲು ಮೀರಿ ಉಬ್ಬಿತ್ತು. ಹತ್ತು ಹೆಜ್ಜೆ ಆಚೆ ಮಂಜಿನೊಳಗೆ ಎರಡು ಕರುಗಳು ನಿಂತಿದ್ದವು. ಜನ ಬಂದರೂ ಅವು ಓಡಲಿಲ್ಲ.

ನಾಲ್ವರು ಬೇಟೆಗಾರರೂ ಟೋಪಿ ತೆಗೆದರು.

ಕರುವಿರುವ ತಾಯಿಯನ್ನು ಹೊಡೆಯುವಂತಿಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ, ಕೊರ್ಪಿಯೆರ್ವಿ ಊರಿನ ಬೇಟೆ ತಂಡವೂ ಹಾಗೆಯೇ ನಡೆದುಕೊಂಡು ಬಂದಿದೆ. ಮಂಜಿನಲ್ಲಿ ತಪ್ಪಿ ಹೊಡೆದರೆ ಆ ಕ್ಷಣವೇ ರೇಡಿಯೋದಲ್ಲಿ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡವರನ್ನು ತಂಡ ಬೈದು ಸುಮ್ಮನಾಗುತ್ತದೆ. ಬಚ್ಚಿಟ್ಟವರನ್ನು ಮತ್ತೆಂದೂ ಕಾಡಿಗೆ ಕರೆಯುವುದಿಲ್ಲ.

ಬೆಳಿಗ್ಗೆ ಒಂಬತ್ತೂಕಾಲಿಗೆ ಒಂದೇ ಒಂದು ಸದ್ದು ಕೇಳಿತ್ತು—ಒಣ ಕೊಂಬೆ ಮುರಿದ ಹಾಗೆ, ಚಟ್ ಎಂದು. ಅದರ ಬೆನ್ನಿಗೇ ರೇಡಿಯೋದಲ್ಲಿ ತಂಡದ ಮುಖ್ಯಸ್ಥ ಪೆಂಟ್ಟಿಯ ದನಿ: "ಯಾರು ಹೊಡೆದಿದ್ದು? ಹೇಳಿ."

ಯಾರೂ ಹೇಳಲಿಲ್ಲ.

ಬೇಟೆ ಎಬ್ಬಿಸಲು ನಾಯಿ ಬಿಟ್ಟುಕೊಂಡು ಪೂರ್ವದ ಕಾಡಿನಿಂದ ಬಂದಿದ್ದ ರೈನೊ ಚರ್ಮ ಸೀಳಿ ನೋಡಿದ. ಗುಂಡು ಮೈಯನ್ನು ಹಾದು ಆಚೆ ಬದಿಯ ಚರ್ಮದಡಿ ಸಿಕ್ಕಿಕೊಂಡಿತ್ತು. ಮೂತಿ ಅಣಬೆಯ ಹಾಗೆ ಅರಳಿತ್ತು, ಬುಡ ಮಾತ್ರ ಕೆಟ್ಟಿರಲಿಲ್ಲ. ಸಿರ್ಕಾ ತನ್ನ ಅಳತೆ ಕಡ್ಡಿಯನ್ನು ಅದಕ್ಕೆ ಹಿಡಿದಳು.

ಒಂಬತ್ತು ಪಾಯಿಂಟ್ ಮೂರು ಮಿಲಿಮೀಟರ್.

ತಂಡದಲ್ಲಿ ಆ ಅಳತೆಯ ರೈಫಲ್ ಒಂದೇ ಒಂದು—ಇರ್ಯಾಳದು. ಅದನ್ನು ಬ್ಯಾರಲಿನಿಂದ ಹಿಡಿದು ಸೈಲೆನ್ಸರಿನವರೆಗೆ ಕೂರಿಸಿ ಕೊಟ್ಟವಳು, ಊರಿನ ಕೋವಿ ಕೆಲಸದ ಸಿರ್ಕಾ.

"ನಾನಲ್ಲ," ಎಂದಳು ಇರ್ಯಾ. ಶಾಲೆಯ ಅಡುಗೆಯವಳು, ಐವತ್ತು ದಾಟಿದವಳು. ಅಪ್ಪ ನಿಲ್ಲುತ್ತಿದ್ದ ಕಾವಲು ಜಾಗದಲ್ಲೇ ಇಪ್ಪತ್ತಾರು ವರ್ಷಗಳಿಂದ ನಿಂತವಳು. "ನಾನಾಗಿದ್ರೆ ಹೇಳ್ತಿರಲಿಲ್ವಾ?"

ಪೆಂಟ್ಟಿ ನಿಟ್ಟುಸಿರು ಬಿಟ್ಟ. "ನಿನ್ನ ಕಡೆಯಿಂದಲೇ ಸದ್ದು ಬಂತು ಇರ್ಯಾ. ನನ್ನ ಕಿವಿಯಾರೆ ಕೇಳಿದೆ."

ಸಿರ್ಕಾಳಿಗೆ ಸದ್ದು ಕೇಳಿದ್ದು ಬೇರೆ ಕಡೆಯಿಂದ. ಆದರೆ ಅಷ್ಟು ಖಚಿತವಾಗಿ ಹೇಳುವವನ ಮುಂದೆ ತನ್ನ ಕಿವಿಯನ್ನು ನಂಬುವುದು ಹೇಗೆ?

*

ಮಧ್ಯಾಹ್ನದ ಹೊತ್ತಿಗೆ ವೈಸಾನೆನ್ ಬಂದರು. ನಿವೃತ್ತ ಪೊಲೀಸ್, ಈಗ ಜಿಲ್ಲೆಯ ಬೇಟೆ ತನಿಖೆ ನೋಡಿಕೊಳ್ಳುವವರು. ಬೇಟೆ ಮನೆಯ ಬೆಂಚಿನಲ್ಲಿ ಕೂತು, ಕಪ್ಪು ರೊಟ್ಟಿಯನ್ನು ಅವಸರವಿಲ್ಲದೆ ಅಗಿಯುತ್ತ ಕೇಳತೊಡಗಿದರು.

"ಇರ್ಯಾ, ನಿಮ್ಮ ಬ್ಯಾರಲಿನಲ್ಲಿ ಮಸಿ ಇದೆ."

"ಹೊರಡೋ ಮುಂಚೆ ಗುರಿ ನೋಡೋಕೆ ಎರಡು ಹೊಡೆದೆ. ಎಲ್ಲರೂ ಹೊಡೆದರು."

"ಇಷ್ಟು ದೊಡ್ಡ ಅಳತೆ ಯಾಕೆ ಬೇಕಾಗಿತ್ತು?"

"ನಾನೆಲ್ಲಿ ಕೇಳಿದೆ? ಎಲ್ಲರ ಹಾಗೆ ಆರೂವರೆ ಮಿಲಿಮೀಟರ್ ಸಾಕು ಅಂದಿದ್ದೆ. ಇವಳೇ ಬೇಡ ಅಂದಿದ್ದು."

ವೈಸಾನೆನ್ ಸಿರ್ಕಾಳ ಕಡೆ ತಿರುಗಿದರು. ಅವಳು ಒಂದೊಂದೇ ಮಾತನ್ನು ಆರಿಸಿ ಹೇಳಿದಳು.

"ಇವಳ ಭುಜಕ್ಕೆ ಆಪರೇಷನ್ ಆಗಿದೆ. ಸೈಲೆನ್ಸರ್ ಹಾಕಿದರೆ ಭುಜಕ್ಕೆ ಬೀಳೋ ಏಟು ಕಮ್ಮಿ. ಆದರೆ ಅದೇ ಒಂದು ಗೇಣು ಉದ್ದ. ಬ್ಯಾರಲ್ ಗಿಡ್ಡ ಮಾಡದಿದ್ರೆ ಪೊದೆಯಲ್ಲಿ ಕೋವಿ ತಿರುಗಿಸೋಕೇ ಆಗಲ್ಲ. ಗಿಡ್ಡ ಬ್ಯಾರಲಿನಲ್ಲಿ ಆರೂವರೆ ತನ್ನ ವೇಗ ಕಳಕೊಳ್ಳತ್ತೆ, ಅದರ ಬಲ ಇರೋದೇ ವೇಗದಲ್ಲಿ. ದೊಡ್ಡ ಗುಂಡಿಗೆ ತೂಕ ಇದೆ. ಅದು ಅಷ್ಟೊಂದು ಕಳಕೊಳ್ಳಲ್ಲ. ಪ್ರಾಣಿ ನಿಂತಲ್ಲೇ ಬೀಳಬೇಕು, ಗಾಯ ಹೊತ್ತು ಎರಡು ದಿನ ಅಲೆಯಬಾರದು ಅಂತ ಅದನ್ನ ಆರಿಸಿದ್ವಿ."

"ನಾವು ಅದಕ್ಕೆ ಇರ್ಯಾಳ ಫಿರಂಗಿ ಅಂತ ಹೆಸರಿಟ್ಟಿದೀವಿ," ಎಂದ ರೈನೊ. "ಗಂಜಿ ಬಿಡೋ ಮಕ್ಕಳನ್ನ ಹೆದರಿಸೋಕೆ ಶಾಲೆಗೂ ತಗೊಂಡು ಹೋಗು ಅಂತ ಪೆಂಟ್ಟಿ—" ಯಾರೂ ನಗಲಿಲ್ಲ. ರೈನೊ ತನ್ನ ಕಾಫಿ ಲೋಟದೊಳಗೆ ನೋಡತೊಡಗಿದ.

"ಉಳಿದವರ ರೈಫಲ್‌ಗಳು?"

ಪೆಂಟ್ಟಿ ತಂಡದ ಕೋವಿಗಳ ಪಟ್ಟಿ ತೆಗೆದು ಮುಂದಿಟ್ಟ. "ನಂದು, ರೈನೊದು, ಸಿರ್ಕಾಳದು—ಮೂರೂ ಆರೂವರೆ. ಎಲ್ಲದಕ್ಕೂ ಸೈಲೆನ್ಸರ್ ಇದೆ. ಇನ್ನೇನು ನೋಡೋದಿದೆ? ಇರ್ಯಾಳ ಮೇಲೆ ನನಗೇನು ಸಿಟ್ಟಿಲ್ಲ. ಆದರೆ ನಿಯಮ ನಿಯಮವೇ. ಸಂಜೆ ಸಭೆ ಕರೆದಿದೀನಿ. ಅವಳ ಹೆಸರು ತೆಗೀಬೇಕು."

ಇರ್ಯಾ ಕೈಗವಸನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಸಿರ್ಕಾ ಅದನ್ನೇ ನೋಡುತ್ತಿದ್ದಳು. ಆರೂವರೆ ಸಾಕು ಎಂದವಳಿಗೆ ದೊಡ್ಡದನ್ನು ಹಿಡಿಸಿದವಳು ತಾನು. ಸಂಜೆಯ ಸಭೆಯಲ್ಲಿ ಹೋಗುವುದು ಇರ್ಯಾಳ ಜಾಗ.

ವೈಸಾನೆನ್ ರೊಟ್ಟಿಯ ಚೂರುಗಳನ್ನು ಅಂಗೈಗೆ ಒರೆಸಿಕೊಂಡು ಎದ್ದರು. "ಸಭೆ ಸಂಜೆಗೆ ತಾನೆ? ಇನ್ನೂ ಬೆಳಕಿದೆ. ಎಲ್ಲರೂ ಬೆಳಿಗ್ಗೆ ನಿಂತ ಜಾಗಕ್ಕೆ ಹೋಗಿ. ಒಂದೊಂದು ಕೋಲು ತಗೊಳ್ಳಿ. ಸದ್ದು ಯಾವ ಕಡೆಯಿಂದ ಕೇಳಿತೋ, ಆ ಕಡೆಗೆ ಕೋಲಿನ ತುದಿ ಮಾಡಿ ನೆಲದ ಮೇಲೆ ಮಲಗಿಸಿ. ಬೇರೆಯವರನ್ನ ಕೇಳಬೇಡಿ."

*

ಮಂಜು ಚದುರಿತ್ತು. ಜೌಗಿನ ಪಶ್ಚಿಮದ ಅಂಚಿನಲ್ಲಿ ಮೂರು ಕಾವಲುಗಳು ಸಾಲಾಗಿದ್ದವು—ಉತ್ತರದ ತುದಿಯಲ್ಲಿ ಇರ್ಯಾ, ನಡುವೆ ಸಿರ್ಕಾ, ದಕ್ಷಿಣದ ತುದಿಯಲ್ಲಿ ಪೆಂಟ್ಟಿ. ರೈನೊ ಎದುರು ದಡದಲ್ಲಿ, ಪೂರ್ವಕ್ಕೆ. ಮೂಸ್ ಬಿದ್ದಿದ್ದು ಇರ್ಯಾಳ ಮುಂದೆ.

ಸಿರ್ಕಾ ತನ್ನ ಕೋಲನ್ನು ಬಲಕ್ಕೆ, ಆಗ್ನೇಯದ ಕಡೆಗೆ ಮಲಗಿಸಿದಳು. ವೈಸಾನೆನ್ ಬಂದು ನೋಡಿದರು.

"ಇರ್ಯಾ ನಿಮ್ಮ ಎಡಗಡೆ ಅಲ್ವಾ?"

"ಹೌದು. ನನ್ನ ಕಿವಿ ಮೋಸ ಮಾಡಿರಬೇಕು. ಅಲ್ಲಿ ಯಾರೂ ನಿಂತಿರಲಿಲ್ಲ, ಬರೀ ಜೌಗು."

"ಕಿವಿ ಮೋಸ ಮಾಡಿತು ಅಂತ ನಿಮಗೆ ಯಾರು ಹೇಳಿದ್ದು? ನಿಮ್ಮ ಕಿವಿಯೇ ಹೇಳಿತಾ?"

ಅವಳು ಕೋಲನ್ನು ಇದ್ದ ಹಾಗೆಯೇ ಬಿಟ್ಟಳು.

ವೈಸಾನೆನ್ ಎಲ್ಲರನ್ನೂ ಮೂಸ್ ಬಿದ್ದಿದ್ದ ಜಾಗಕ್ಕೆ ಕರೆದರು. ಕೈಯಲ್ಲಿ ಕಾಗದವಿತ್ತು. ಅದರ ಮೇಲೆ ನಾಲ್ಕು ಗೆರೆ.

"ಸಿರ್ಕಾ, ಇರ್ಯಾ—ಇಬ್ಬರ ಕೋಲೂ ಆಗ್ನೇಯಕ್ಕೆ. ಇಬ್ಬರ ನಡುವೆ ನೂರೈವತ್ತು ಮೀಟರ್ ಇದೆ, ಆದರೂ ಕೋಲುಗಳು ರೈಲು ಹಳಿಯ ಹಾಗೆ ಸಮಾನಾಂತರ. ರೈನೊದು ನೇರ ಪಶ್ಚಿಮಕ್ಕೆ, ಜೌಗಿನ ನಡುಮಧ್ಯಕ್ಕೆ. ಮೂವರೂ ತೋರಿಸಿದ್ದು ಖಾಲಿ ಬಯಲನ್ನ. ಒಬ್ಬರ ಕೋಲು ಮಾತ್ರ ಮನುಷ್ಯ ನಿಂತ ಜಾಗವನ್ನ ತೋರಿಸ್ತಿದೆ. ಪೆಂಟ್ಟಿಯದು. ಸೀದಾ ಇರ್ಯಾಳ ಕಾವಲಿಗೆ."

"ನಾನು ಕೇಳಿದ್ದು ಸರಿ ಅಂತ ಆಯ್ತಲ್ಲ," ಎಂದ ಪೆಂಟ್ಟಿ.

"ಸಿರ್ಕಾ," ವೈಸಾನೆನ್ ಕೇಳಿದರು, "ನಿಮ್ಮ ಸೈಲೆನ್ಸರ್ ಯಾವ ಸದ್ದನ್ನ ನುಂಗತ್ತೆ?"

"ಮೂತಿಯ ಸದ್ದನ್ನ. ಮದ್ದು ಸಿಡಿಯೋದನ್ನ."

"ಹಾಗಾದ್ರೆ ಬೆಳಿಗ್ಗೆ ಕೇಳಿದ ಚಟ್?"

"ಅದು ಗುಂಡಿನದೇ. ಗುಂಡು ಸದ್ದಿಗಿಂತ ಬೇಗ ಹೋಗತ್ತೆ. ದೋಣಿ ನೀರನ್ನ ಸೀಳಿಕೊಂಡು ಹೋಗೋ ಹಾಗೆ, ದಾರಿಯುದ್ದಕ್ಕೂ ಗಾಳಿಯನ್ನ ಸೀಳಿ..."

ಅವಳ ಮಾತು ಅಲ್ಲೇ ನಿಂತಿತು.

ದೋಣಿಯ ಅಲೆ! ದೋಣಿ ಯಾವಾಗಲೋ ಮುಂದೆ ಹೋಗಿರುತ್ತದೆ. ಅದರ ಅಲೆ ಎರಡು ಬದಿಗೂ ಚಾಚಿ, ದಡಕ್ಕೆ ಓರೆಯಾಗಿ ಬಂದು ಬಡಿಯುತ್ತದೆ. ದಡದಲ್ಲಿ ನಿಂತವರಿಗೆ ಅದು ಬಂದಂತೆ ಕಾಣುವುದು ದೋಣಿ ಹೊರಟ ಕಟ್ಟೆಯಿಂದಲ್ಲ, ತಮ್ಮೆದುರಿನ ನೀರಿನಿಂದ. ಒಂದು ದಡದವರಿಗೆಲ್ಲ ಒಂದೇ ಓರೆ. ಎದುರು ದಡದವರಿಗೆ ಇನ್ನೊಂದು ಓರೆ.

ಇಪ್ಪತ್ತು ವರ್ಷ ಅವಳು ಕೋವಿಗಳ ಸದ್ದಡಗಿಸಿದ್ದಳು. ಬಾಯಿ ಮುಚ್ಚಿಸಿದ ಕೋವಿಯ ಗುಂಡು ಹೀಗೆ ತಾನು ಹೋದ ದಾರಿಯನ್ನೆಲ್ಲ ಗಾಳಿಯ ಮೇಲೆ ಬರೆಯುತ್ತ ಹೋಗುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳು ತಲೆಯೆತ್ತಿ ಜೌಗಿನ ಮೇಲಿನ ಬಯಲನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆದರೂ ಮೂವರು ಏನೂ ತಿಳಿಯದೆ, ಕಣ್ಣಿಗೆ ಕಾಣದ ಗೆರೆಯೊಂದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡಿದ್ದರು.

"ಇರ್ಯಾ ಹೊಡೆದಿದ್ರೆ ನನಗೆ ಎಡಗಡೆಯಿಂದ ಕೇಳಬೇಕಿತ್ತು," ಎಂದಳು. "ಗುಂಡು ನನಗೂ ರೈನೊಗೂ ನಡುವೆ ಹೋಗಿದೆ. ದಕ್ಷಿಣದಿಂದ."

ವೈಸಾನೆನ್ ಚೀಲದಿಂದ ಉದ್ದನೆಯ ತೆಳು ಹಗ್ಗದ ಸುರುಳಿ ತೆಗೆದು, ಒಂದು ತುದಿಯನ್ನು ಮೂಸ್ ಬಿದ್ದಿದ್ದಲ್ಲಿ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಎಲ್ಲರ ಜೊತೆ ದಕ್ಷಿಣಕ್ಕೆ ನಡೆದರು. ನಡುದಾರಿಯಲ್ಲಿ ಒಂದು ಕುಳ್ಳ ಪೈನ್ ಗಿಡ. ಅದರ ನೆತ್ತಿಯ ರೆಂಬೆ ತುಂಡಾಗಿ ಬಿದ್ದಿತ್ತು. ಗಾಯದಲ್ಲಿ ಅಂಟು ಇನ್ನೂ ಒಣಗಿರಲಿಲ್ಲ. ಗಿಡವನ್ನು ಸವರಿಕೊಂಡು ಬಿಗಿಯಾದ ಹಗ್ಗ ಹೋಗಿ ನಿಂತದ್ದು—

"ಅದು ಪೆಂಟ್ಟಿಯ ಕಾವಲು!" ರೈನೊ ಕೂಗಿದ. "ಏನು ಮಾತು ಅಂತ ಆಡ್ತೀರಿ? ಅವನದು ಆರೂವರೆ. ಆರೂವರೆ ತೂತಿನಿಂದ ಒಂಬತ್ತರ ಗುಂಡು ಬರೋಕೆ ಅದೇನು ರಬ್ಬರಾ?"

"ಆರೂವರೆ ಅಂತ ಎಲ್ಲಿದೆ?"

"ಪಟ್ಟಿಯಲ್ಲಿ!"

"ಪಟ್ಟಿ ಬರೆದವರು ಯಾರು?"

ರೈನೊ ಪೆಂಟ್ಟಿಯ ಕಡೆ ತಿರುಗಿದ.

ಸಿರ್ಕಾ ಪೆಂಟ್ಟಿಯ ಮುಂದೆ ನಿಂತು ಕೈ ಚಾಚಿದಳು. ಅವನ ರೈಫಲ್ ಅವಳಿಗೆ ಅಂಗೈಯಷ್ಟು ಪರಿಚಯ—ಅದೇ ವಾಲ್ನಟ್ ಹಿಡಿ, ಅದೇ ಗೀರು. ಹಿಮ ಒಳಹೋಗದಂತೆ ಸೈಲೆನ್ಸರಿನ ಬಾಯಿಗೆ ಎಲ್ಲರ ಹಾಗೆ ಟೇಪು ಹಚ್ಚಿತ್ತು. ಗುಂಡು ಹೊಡೆದರೆ ಟೇಪು ಹರಿಯಬೇಕು. ಇದು ಹೊಚ್ಚಹೊಸದು, ಬೆಳಗಿನ ಮಂಜಿನ ಪಸೆಯೂ ತಾಗದ್ದು. ಅವಳು ರೈಫಲ್ ಖಾಲಿ ಮಾಡಿ ಸೈಲೆನ್ಸರ್ ತಿರುಚಿ ತೆಗೆದಳು. ಇರ್ಯಾಳಿಂದ ಒಂಬತ್ತು ಪಾಯಿಂಟ್ ಮೂರರ ಹೊಸ ಗುಂಡೊಂದನ್ನು ಪಡೆದು ಬ್ಯಾರಲಿನ ಬಾಯಿಗೆ ಇಟ್ಟಳು. ಆರೂವರೆಯಾಗಿದ್ದರೆ ಅದರ ಮೊನೆ ಮಾತ್ರ ಇಳಿಯಬೇಕಿತ್ತು.

ಗುಂಡು ಬುಡದವರೆಗೆ ಇಳಿಯಿತು.

"ಬೇರೆ ಬ್ಯಾರಲ್ ಹಾಕಿಸಿದೀಯ," ಎಂದಳು. "ಎಲ್ಲಿ?"

ಪೆಂಟ್ಟಿ ಕರುಗಳ ಕಡೆ ನೋಡಿದ. "ಪಟ್ಟಣದಲ್ಲಿ," ಎಂದ. "ಲೈಸೆನ್ಸ್ ಇದೆ, ಕಳ್ಳತನ ಏನಲ್ಲ. ಹೋದ ವರ್ಷ ನಾನು ಹೊಡೆದ ಗಂಡು ಮೂಸ್ ಗಾಯ ಹೊತ್ತು ಎರಡು ದಿನ ಓಡ್ತಲ್ಲ... ಆಮೇಲೆ ನಿದ್ದೆ ಬರ್ತಿರಲಿಲ್ಲ. ನಿನ್ನ ಹತ್ರ ಬರೋಣ ಅಂದ್ಕೊಂಡೆ ಸಿರ್ಕಾ. ಅಷ್ಟರಲ್ಲಿ ಇರ್ಯಾಳದು ತಯಾರಾಗಿತ್ತು, ನಾನು ಎಲ್ಲರ ಮುಂದೆ ಫಿರಂಗಿ ಅಂತ ನಕ್ಕಾಗಿತ್ತು. ಹೇಗೆ ಬರಲಿ?"

"ಬೆಳಿಗ್ಗೆ?"

"ಮಂಜಿನಲ್ಲಿ ಕರು ಕಾಣಲಿಲ್ಲ. ದೇವರಾಣೆ ಕಾಣಲಿಲ್ಲ. ರೇಡಿಯೋ ಒತ್ತಿದೆ, ನಾನೇ ಅನ್ನೋಕೆ. ಬಾಯಿಗೆ ಬಂದಿದ್ದು 'ಯಾರು' ಅಂತ."

"ಹೊಡೆದವನಿಗೆ ಸದ್ದು ತನ್ನ ಕೈಯಿಂದಲೇ ಕೇಳತ್ತೆ," ಎಂದರು ವೈಸಾನೆನ್. "ಬೇರೆಯವರಿಗೆ ಎಲ್ಲಿಂದ ಕೇಳಿಸ್ತು ಅನ್ನೋದು ಅವನಿಗೆ ತಿಳಿಯೋ ಹಾಗಿಲ್ಲ. ಅದಕ್ಕೇ ನೀವು ಊಹೆ ಮಾಡಿ ಕೋಲಿಟ್ರಿ. ದೊಡ್ಡ ಗುಂಡು ಅಂದ ಕೂಡಲೇ ಉಳಿದವರೆಲ್ಲ ತಮ್ಮ ಕಿವಿಯನ್ನೇ ಬಿಟ್ಟುಕೊಟ್ಟರು."

ಪೆಂಟ್ಟಿ ತೋಳಿಗೆ ಕಟ್ಟಿದ್ದ ಮುಖ್ಯಸ್ಥನ ಪಟ್ಟಿ ಬಿಚ್ಚಿದ. ಯಾರಿಗೆ ಕೊಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತ. "ಇರ್ಯಾ..."

"ಈಗ ಬೇಡ," ಎಂದಳು ಇರ್ಯಾ. "ಇವತ್ತು ನಿನ್ನ ಜೊತೆ ಮಾತಾಡೋಕೆ ನನ್ನಿಂದ ಆಗಲ್ಲ."

ವೈಸಾನೆನ್ ಅವಳ ರೈಫಲನ್ನು ಅವಳಿಗೆ ಹಿಂದಿರುಗಿಸಿದರು. ರೈನೊ ಮುಖ ಕೆಂಪಾಗಿಸಿಕೊಂಡು ಹತ್ತಿರ ಬಂದ. "ನಾಳೆ ಬರ್ತೀಯಲ್ಲ? ನಿನ್ನ ಜಾಗಕ್ಕೆ?"

"ಬರ್ತೀನಿ. ಅದಕ್ಕೆ ಮುಂಚೆ ಇದೊಂದಿದೆ."

ಅವಳು ಕರುಗಳ ಕಡೆ ಗದ್ದ ಎತ್ತಿ ತೋರಿಸಿದಳು. ತಾಯಿಯಿಲ್ಲದ ಕರುಗಳು ಇಲ್ಲಿನ ಚಳಿಗಾಲ ದಾಟುವುದಿಲ್ಲ. ಅದನ್ನು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

"ಅಲೆಯಬಾರದು ಅವು," ಎಂದಳು. "ಸಿರ್ಕಾ, ಜೊತೆಗೆ ಬಾ."

ಇಬ್ಬರೂ ರೈಫಲಿಗೆ ಗುಂಡು ತುಂಬಿ, ಕರುಗಳಿಗೆ ವಾಸನೆ ತಿಳಿಯದ ಹಾಗೆ ಗಾಳಿಯ ಕೆಳಬದಿಗೆ ಬಳಸಿಕೊಂಡು, ಹೆಜ್ಜೆಯ ಸದ್ದಾಗದಂತೆ ಜೌಗಿಗೆ ಇಳಿದರು.