ಟೈಲರ್ ಮುಚ್ಚಿಟ್ಟ ನಾಲ್ಕು ಇಂಚು

"ನಾನು ದಪ್ಪ ಆಗಿದ್ದೀನಾ?" ಎಂದು ಲೈಬ್ರರಿ ಮೇಡಂ ಕೇಳಿದ ದಿನ ಟೈಲರ್ ಒಂದು ಸುಳ್ಳು ಹೇಳಿದನಲ್ಲ, ಅಷ್ಟು ಸಿಹಿಯಾದ ಸುಳ್ಳು ಭೂಮಿ ಹುಟ್ಟಿದಂದಿನಿಂದ ಯಾವ ಗಂಡಸಿನ ಬಾಯಿಂದಲೂ ಬಂದಿರಲಿಕ್ಕಿಲ್ಲ.

"ನೀವಾ? ಒಗೆದೂ ಒಗೆದೂ ಅಂಗಿ ಕುಗ್ಗಿದೆ ಮೇಡಂ. ಎಲ್ಲಾ ಬಟ್ಟೆದೇ ತಪ್ಪು."

ಅವನೇನು ಸಾಮಾನ್ಯ ಟೈಲರ್ ಅಲ್ಲ. ಬೀದಿಯಲ್ಲಿ ಹೋಗುವವರ ನೆರಳು ನೋಡಿಯೇ ಸೊಂಟದ ಅಳತೆ ಹೇಳುವವನು. ಗಾಳಿ ಒಂದು ನಿಮಿಷ ಅಲುಗಾಡದೆ ನಿಂತರೆ ಅದಕ್ಕೂ ಕೋಟು ಹೊಲಿದುಕೊಟ್ಟಾನು. ಅಂಥವನ ಕೈಯ ಟೇಪು ಅವಳ ಹತ್ತಿರ ಬಂದಾಗ ಮಾತ್ರ ಚಳಿಜ್ವರ ಹಿಡಿದಂತೆ ನಡುಗುತ್ತಿತ್ತು. ಅವಳು ಕನ್ನಡಿಯಲ್ಲಿ ಅವನನ್ನು ನೋಡಿ ಒಂದೇ ಹುಬ್ಬು ಏರಿಸುವಳು. ಆ ಹುಬ್ಬಿನ ದೆಸೆಯಿಂದ ಎರಡು ವರ್ಷದಲ್ಲಿ ಹನ್ನೊಂದು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದ. ನೂರಾ ಹನ್ನೊಂದು ಎಂದರೂ ನಡೆಯುತ್ತದೆ.

ಅವಳ ಸೊಂಟ ನಾಲ್ಕು ಇಂಚು ಏರಿತ್ತು. ಕೈಕಾಲು ಮಾತ್ರ ಕಡ್ಡಿಯಾಗುತ್ತಿದ್ದವು. ಕತ್ತಿನ ಹಿಂದೆ ಗುಬುಟೊಂದು ಎದ್ದಿತ್ತು. ಇದೆಲ್ಲ ಅವನ ಬೆರಳಿಗೆ ಗೊತ್ತಿತ್ತು. ಆದರೆ ದಪ್ಪ ಎಂಬ ಮಾತಿಗೆ ಅವಳ ಮುಖ ಬಾಡುವುದನ್ನು ಅವನಿಂದ ನೋಡಲಾಗದು. ಬಟನ್ ಗಟ್ಟಿ ಮಾಡುವ ನೆಪದಲ್ಲಿ ಅವಳ ಅಂಗಿಗಳನ್ನೆಲ್ಲ ತರಿಸಿಕೊಂಡ, ಒಳಹೊಲಿಗೆ ಬಿಚ್ಚಿ ಕಾಲಿಂಚು ಕಾಲಿಂಚಾಗಿ ಸಡಿಲಿಸುತ್ತ ಬಂದ, ಚೀಟಿಯಲ್ಲಿ ಮಾತ್ರ ಹಳೆಯ ಅಳತೆಯನ್ನೇ ಬರೆದ.

ಮುಖ ಊದಿದೆ, ಡಾಕ್ಟರಿಗೆ ತೋರಿಸು ಎಂದು ಮನೆಯಲ್ಲಿ ಅತ್ತಿಗೆ ಹೇಳಿದಾಗಲೆಲ್ಲ ಅವಳು ನಗುತ್ತಿದ್ದಳು. "ಹೋಗಿ ಅತ್ತಿಗೆ, ಮೂರು ವರ್ಷದ ಹಿಂದಿನ ಅಂಗಿ ಇವತ್ತಿಗೂ ಸರಿಯಾಗಿ ಕೂರತ್ತೆ. ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ."

ಒಂದು ದಿನ ಲೈಬ್ರರಿಯ ಕಪಾಟಿನ ಮೇಲಿನ ಅರೆಯಿಂದ ಪುಸ್ತಕ ಇಳಿಸುವಾಗ ಅವಳ ಬೆನ್ನೆಲುಬು ಕುಸಿಯಿತು. ಪುಸ್ತಕವೇನು ಕಬ್ಬಿಣದ್ದಲ್ಲ, ಮಕ್ಕಳ ಚಿತ್ರದ ಪುಸ್ತಕ.

ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಮುಗಿದ ಮೇಲೆ ಸರ್ಜನ್ ಅತ್ತಿಗೆಯನ್ನೂ, ಹಣ್ಣು ಹಿಡಿದು ಬಂದಿದ್ದ ಟೈಲರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಎರಡು ಕಿಡ್ನಿ ಬರೆದರು. ಒಂದೊಂದರ ನೆತ್ತಿಗೂ ಒಂದೊಂದು ಪುಟ್ಟ ಟೋಪಿ.

"ಅಡ್ರಿನಲ್ ಗ್ರಂಥಿ. ಇವರಲ್ಲಿ ಎರಡೂ ಊದ್ಕೊಂಡು ಹಾರ್ಮೋನು ಮಿತಿಮೀರಿ ಸುರಿಸ್ತಿವೆ. ಅದಕ್ಕೇ ಮೈ ಊದಿ, ಎಲುಬು ಟೊಳ್ಳಾಗಿದೆ. ಎರಡನ್ನೂ ತೆಗೀಬೇಕು. ದೊಡ್ಡದಾಗಿ ಕೊಯ್ಯಲ್ಲ, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ತೆಗೀತೀವಿ."

"ಎಷ್ಟು ಸಣ್ಣ?" ಟೈಲರ್ ಕೇಳಿದ.

"ಕೋಟಿನ ಗುಂಡಿ ತೂರಿಸೋ ಕಾಜಾದಷ್ಟು ಅಂದ್ಕೊಳ್ಳಿ."

"ಆಮೇಲೆ ಮೊದಲಿನ ಹಾಗೆ ಆಗ್ತಾಳಾ?" ಅತ್ತಿಗೆ ಕೇಳಿದಳು.

"ಊತ ಇಳಿಯುತ್ತೆ. ಆದ್ರೆ ಆ ಗ್ರಂಥಿಗಳ ಬದಲಿಗೆ ಬದುಕಿರೋವರೆಗೂ ಮಾತ್ರೆ ತಗೋಬೇಕು, ತಪ್ಪಿದ್ರೆ ಪ್ರಾಣಕ್ಕೇ ಸಂಚಕಾರ. ಕುಸಿದಿರೋ ಎಲುಬು ಮಾತ್ರ ಇನ್ನು ಏಳಲ್ಲ." ಸರ್ಜನ್ ಪೆನ್ನಿನ ಮುಚ್ಚಳ ಹಾಕಿದರು. "ಎರಡು ವರ್ಷ ಮೊದಲೇ ಬಂದಿದ್ರೆ ಬೆನ್ನು ಉಳೀತಿತ್ತು."

ಟೈಲರ್ ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಎಲ್ಲಿ ಬಿಟ್ಟನೋ ಅವನಿಗೇ ಗೊತ್ತಾಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವಳ ಮಂಚದ ಪಕ್ಕ ನಿಂತ. "ಮೇಡಂ, ಒಂದು ಮಾತು ಹೇಳ್ಬೇಕು."

"ಅಂತೂ ಬಾಯಿ ಬಂತಾ ಟೈಲರ್ ಸಾಹೇಬ್ರಿಗೆ?" ಅವಳ ಊದಿದ ಕೆನ್ನೆಯಲ್ಲಿ ನಗು ಜಾಗ ಹುಡುಕಿಕೊಂಡು ಮೇಲೆ ಬಂತು. "ಹೇಳಿ. ಎರಡು ವರ್ಷದಿಂದ ಕಾಯ್ತಿದ್ದೀನಿ."

ಅವನು ಹೇಳಿದ. ಬಿಚ್ಚಿದ ಹೊಲಿಗೆ, ಸುಳ್ಳು ಚೀಟಿ, ಕಾಲಿಂಚುಗಳು, ಎಲ್ಲವನ್ನೂ. ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

"ಯಾಕೆ?"

"ನೀವು ನೊಂದ್ಕೊಳ್ಳೋದು ನೋಡಕ್ಕಾಗ್ತಿರ್ಲಿಲ್ಲ. ಅಷ್ಟು ಇಷ್ಟ ನಂಗೆ ನೀವು."

"ಎಷ್ಟು? ನಾಲ್ಕು ಇಂಚಾ?"

ಅವನು ಕತ್ತಿನಲ್ಲಿದ್ದ ಟೇಪು ತೆಗೆದು ಜೇಬಿಗೆ ತುರುಕಿಕೊಂಡ.

"ಹೊರಗೆ ಹೋಗಿ," ಅಂದಳು.

ಆಪರೇಷನ್ ಐದು ಗಂಟೆ ನಡೆಯಿತು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಆ ಐದು ಗಂಟೆಯಲ್ಲಿ ತಲೆಗೂದಲು ಅರ್ಧ ಬೆಳ್ಳಗಾಯಿತು, ಉಳಿದರ್ಧ ಉದುರಿಹೋಯಿತು. ಎರಡೂ ಗ್ರಂಥಿ ತೆಗೆದರು, ಜೀವಕ್ಕೆ ಅಪಾಯವಿಲ್ಲ ಎಂದು ಅತ್ತಿಗೆ ಬಂದು ಹೇಳಿದಾಗಲೂ ಅವನು ಒಳಗೆ ಹೋಗಲಿಲ್ಲ.

ನಾಲ್ಕನೆಯ ದಿನ ಅತ್ತಿಗೆಯೇ ಮೆಟ್ಟಿಲಿಗೆ ಬಂದಳು. "ನಾನು ಔಷಧಿ ತರೋವರೆಗೂ ಅವಳ ಹತ್ರ ಕೂತಿರಪ್ಪ. ಬೈದ್ರೆ ಬೈಸ್ಕೋ. ಬೈಯೋಷ್ಟು ಶಕ್ತಿ ಬಂದಿದೆ ಅಂತ ನಾನೂ ಸಮಾಧಾನ ಪಟ್ಕೋತೀನಿ."

ಅವಳು ಬೈಯಲಿಲ್ಲ. ಅವನತ್ತ ತಿರುಗಿ, "ಹೇಗೆ ಕಾಣ್ತಿದ್ದೀನಿ?" ಎಂದಳು.

ಚೆನ್ನಾಗಿದ್ದೀರಿ ಎನ್ನುವ ಮಾತು ಅಭ್ಯಾಸಬಲದಿಂದ ಅವನ ಹಲ್ಲಿನವರೆಗೆ ಬಂದೇಬಿಟ್ಟಿತ್ತು.

"ಚೆನ್ನಾಗಿಲ್ಲ," ಅಂದ. "ತುಟಿ ಬೂದಿ ಬಣ್ಣಕ್ಕೆ ತಿರುಗಿದೆ. ಕತ್ತೆಲ್ಲ ಬೆವರು. ಮಾತು ತೊದಲ್ತಿದೆ. ಬೆಳಗ್ಗೆ ಮಾತ್ರೆ ತಗೊಂಡ್ರಾ?"

"ತಗೊಂಡೆ. ವಾಂತಿ ಆಯ್ತು. ಸುಮ್ನೆ ಎಲ್ಲರಿಗೂ ಯಾಕೆ ಗಾಬರಿ ಅಂತ..."

ಅವಳ ಮಾತು ಮುಗಿಯುವುದರೊಳಗೆ ಅವನು ಬಾಗಿಲಲ್ಲಿದ್ದ. "ಸಿಸ್ಟರ್!" ಎಂದು ಕೂಗಿದ ಕೂಗಿಗೆ ಮೂರು ಮಹಡಿಯ ಕಿಟಕಿಗಾಜು ಅದುರಿದವು, ವಾರದಿಂದ ಹಾಸಿಗೆ ಬಿಟ್ಟೇಳದ ಪಕ್ಕದ ಮಂಚದ ಅಜ್ಜಿ ಎದ್ದು ಕೂತಳು. ನರ್ಸ್ ಬಂದು ಬಿ.ಪಿ. ನೋಡಿದಳು. ಎಪ್ಪತ್ತಕ್ಕೆ ಇಳಿದಿತ್ತು. ಡಾಕ್ಟರ್ ಓಡಿ ಬಂದರು, ಇಂಜೆಕ್ಷನ್ ಆಯಿತು, ಡ್ರಿಪ್ ಏರಿತು. "ಇನ್ನರ್ಧ ಗಂಟೆ ಯಾರೂ ನೋಡದೆ ಇದ್ದಿದ್ರೆ..." ಎಂದರು ಡಾಕ್ಟರ್.

ಅವಳ ತುಟಿಗೆ ಬಣ್ಣ ಮರಳುವ ಹೊತ್ತಿಗೆ ಅತ್ತಿಗೆಯೂ ಬಂದಿದ್ದಳು. ನರ್ಸ್ ಒಂದು ಸಿರಿಂಜು, ಒಂದು ಸ್ಪಂಜಿನ ತುಂಡು ತಂದಿಟ್ಟಳು. "ಮನೆಯಲ್ಲಿ ಹೀಗಾದ್ರೆ ತಕ್ಷಣ ತೊಡೆಗೆ ಇಂಜೆಕ್ಷನ್ ಕೊಡ್ಬೇಕು. ಯಾರು ಕಲೀತೀರಾ? ಯಾವಾಗಲೂ ಜೊತೆಗೇ ಇರೋರಾಗ್ಬೇಕು."

ಅತ್ತಿಗೆ ಕೈ ಚಾಚಿದಳು. ಮಂಚದಿಂದ ಮಾತು ಬಂತು: "ಅವರಿಗೆ ಕಲಿಸಿ."

"ಇವರು ನಿಮಗೇನಾಗ್ಬೇಕು?" ನರ್ಸ್ ಕೇಳಿದಳು.

ಅವಳು ಟೈಲರನ್ನೇ ನೋಡಿದಳು. "ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಈ ಜನ್ಮದಲ್ಲಿ ಆಗುತ್ತೋ ಇಲ್ವೋ."

"ಗೊತ್ತು."

"ಇನ್ನು ಯಾವತ್ತೂ ನೆಟ್ಟಗೆ ನಿಲ್ಲೋಕಾಗಲ್ಲ ನಂಗೆ."

ಈ ಸಲ ಅವನು ಸಿರಿಂಜು ಎತ್ತಿಕೊಂಡ.

"ಜೊತೆಗೇ ಇರೋರು ಅಂತ ಬರ್ಕೊಳ್ಳಿ ಸಿಸ್ಟರ್," ಎಂದು ಅವಳು ಕಣ್ಣು ಮುಚ್ಚಿದಳು.

ಅವನು ಸ್ಪಂಜಿಗೆ ಸೂಜಿ ಇಳಿಸಿದ. ಓರೆಯಾಯಿತು. ಮತ್ತೆ ಇಳಿಸಿದ, ಮತ್ತೂ ಓರೆಯಾಯಿತು. ನರ್ಸ್ ತಲೆ ಆಡಿಸಿದಳು. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಚದ ಮೇಲೆ ಒಂದು ಕಣ್ಣು ಮಾತ್ರ ತೆರೆಯಿತು.

"ಇನ್ನೊಂದ್ಸಲ ಮಾಡಿ," ಅಂದಳು.