ಗಂಟಲುಗಳ್ಳ ಮತ್ತು ಕೂಸಿನ ಮೂರು ತಿನಿಸು

ಕರಡಿ ಹಂದಿಗಳೂ ಮನುಷ್ಯರ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಪೂರ್ಣಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಗೊಂಕರಸನೆಂಬ ದೊರೆ ಆಳುತ್ತಿದ್ದ. ದೊರೆ ಒಳ್ಳೆಯವನು, ಪ್ರಜೆಗಳು ಒಳ್ಳೆಯವರು, ಮಳೆ ಬೆಳೆಯೂ ಚೆನ್ನಾಗಿತ್ತು. ಆದರೆ ಅರಮನೆಯಲ್ಲಿ ಒಂದು ವಿಚಿತ್ರ ಕಟ್ಟಳೆ ಇತ್ತು. ಅರಸುಮನೆಯವರ ತಟ್ಟೆಗೆ ಕತ್ತಿ ತಾಗಿದ ಪದಾರ್ಥ ಬೀಳಕೂಡದು, ಏನಿದ್ದರೂ ಇಡಿಯಾಗಿ ಬಡಿಸಬೇಕು. ಬದನೆಕಾಯಿ ಇಡಿ, ಈರುಳ್ಳಿ ಇಡಿ, ಸೌತೆಕಾಯಿಯೂ ಇಡಿ. ಹಲಸಿನ ಹಣ್ಣಿನ ಕಾಲದಲ್ಲಿ ಏನು ಮಾಡುತ್ತಿದ್ದರು ಎಂದು ನನ್ನನ್ನು ಕೇಳಬೇಡಿ. ಆ ದಿನಗಳಲ್ಲಿ ದೊರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಈ ಕಟ್ಟಳೆ ತಂದವನು ಉರುಟಾಕ್ಷನೆಂಬ ಮಾಂತ್ರಿಕ. ಗೊಂಕರಸನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಎಲ್ಲಿಂದಲೋ ಬಂದು ಅರಮನೆಯಲ್ಲಿ ಠಿಕಾಣಿ ಹೂಡಿದ್ದ. ಕತ್ತರಿಸಿದ್ದನ್ನು ತಿಂದರೆ ರಾಜ್ಯವೂ ತುಂಡಾಗುತ್ತದೆ ಎಂದು ಎಲ್ಲರನ್ನೂ ಹೆದರಿಸಿಟ್ಟಿದ್ದ. ನಿಜ ಸಂಗತಿ ಬೇರೆಯೇ ಇತ್ತು. ಅವನ ಬಳಿ ಗಂಟಲುಗಳ್ಳ ಎಂಬ ಮಾಯಾಪ್ರಾಣಿಯ ಒಂದು ಹಿಂಡೇ ಇತ್ತು. ಒಂದೊಂದೂ ಸಾಸಿವೆಕಾಳಿನಷ್ಟು, ಆರು ಕಾಲು, ಕಣ್ಣಿಲ್ಲ. ದುಂಡಗಿನ, ಗಟ್ಟಿಯಾದ, ಜಾರುವ ತಿನಿಸಿನೊಳಗೆ ಅಡಗಿ ಕೂರುವುದು, ಹಲ್ಲಿಲ್ಲದ ಕೂಸಿನ ಗಂಟಲಿಗೆ ಜಾರಿ ಅಲ್ಲೇ ಅಡ್ಡ ಕೂತು ಉಸಿರು ಕದಿಯುವುದು, ಇದೇ ಅದರ ಕಸುಬು. ದೊಡ್ಡವರು ಕಚ್ಚಿ ಅಗಿದು ತಿನ್ನುವುದರಿಂದ ಅವರ ಹತ್ತಿರ ಅದರ ಆಟ ನಡೆಯುತ್ತಿರಲಿಲ್ಲ. ಅರಮನೆಯಲ್ಲಿ ಒಂದು ಕೂಸು ಹುಟ್ಟಲಿ ಎಂದು ಉರುಟಾಕ್ಷ ತಾಳ್ಮೆಯಿಂದ ಕಾಯುತ್ತಿದ್ದ.

ಕೂಸು ಹುಟ್ಟಿತು. ಗುಂಗುರು ಕೂದಲಿನ ಹೆಣ್ಣುಕೂಸು, ಹೆಸರು ಬಾಚಲೆ. ತಾಯಿ ಕೇತಲೆ ರಾಣಿಯಾಗುವ ಮೊದಲು ತರಕಾರಿ ತೋಟದವರ ಮಗಳು. ಕೂಸಿಗೆ ಎಂಟು ತಿಂಗಳಾಗಿ, ಆನಿಕೆ ಇಲ್ಲದೆ ತಾನೇ ಕೂರಲು ಕಲಿತಾಗ ಅನ್ನಪ್ರಾಶನದ ದಿನ ಗೊತ್ತಾಯಿತು. ಆ ಸೀಮೆಯಲ್ಲಿ ಮೊದಲ ತುತ್ತು ಕೊಡುವ ಹಕ್ಕು ಸೋದರಮಾವನದು. ಹಾಗಾಗಿ ರಾಣಿಯ ಅಣ್ಣ ಮಾಚ ತಲೆಯ ಮೇಲೆ ಒಂದು ಕುಕ್ಕೆ ತರಕಾರಿ ಹೊತ್ತು, ಏಳು ಬೆಟ್ಟ ಹತ್ತಿಳಿದು, ಕಾಲೆಲ್ಲ ಕೆಮ್ಮಣ್ಣು ಮಾಡಿಕೊಂಡು ಬಂದ. ದ್ವಾರಪಾಲಕರು ಅವನನ್ನು ಅಡಿಗೆಮನೆಯ ಬಾಗಿಲಿಗೆ ಕಳಿಸಿದರು. ರಾಣಿಯೇ ಓಡಿಬಂದು ಕೈಹಿಡಿದು ಸಭೆಗೆ ಕರೆದುಕೊಂಡು ಹೋಗಬೇಕಾಯಿತು.

ಮಾಚ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಯಸ ತೆಗೆದು ತುಟಿಯ ಹತ್ತಿರ ತಂದ. ಕೂಸಿನ ತುಟಿಗಳು ಡಬ್ಬಿಯ ಮುಚ್ಚಳದ ಹಾಗೆ ಗಪ್ಪನೆ ಮುಚ್ಚಿಕೊಂಡವು. ರಾಣಿ ಕೊಟ್ಟಳು, ಆಗಲೂ ಅಷ್ಟೇ. ದೊರೆ ಕೊಟ್ಟ, ಆಗಲೂ ಅಷ್ಟೇ. ಕೂಸು ಹಸಿದು ಪಾಯಸದ ಕಡೆಗೇ ನೋಡುತ್ತಿತ್ತು, ಆದರೆ ಬಾಯಿ ತೆರೆಯಲು ಅದಕ್ಕೇ ಆಗುತ್ತಿರಲಿಲ್ಲ.

ಆಗ ಉರುಟಾಕ್ಷ ಎದ್ದು ನಿಂತ. "ಕೂಸಿನ ಬಾಯಿಗೆ ಬೀಗ ಹಾಕಿದವನು ನಾನು. ತಾಯಿಯ ಹಾಲು ಇಳಿಯುತ್ತದೆ, ಬೇರೊಬ್ಬರ ಕೈಯ ತುತ್ತು ಇಳಿಯುವುದಿಲ್ಲ. ಬರಿಯ ಹಾಲಿನಲ್ಲಿ ಇನ್ನು ಎಷ್ಟು ದಿನ ಬದುಕೀತು? ಮೂರು ಬೆಳಗು ನನ್ನ ಮೃಗಗಳು ತಟ್ಟೆ ತರುತ್ತವೆ. ಸೋದರಮಾವ ಆರಿಸಲಿ, ಕೂಸು ತನ್ನ ಕೈಯಾರೆ ತಿನ್ನಲಿ. ಮೂರು ತಿನಿಸು ಒಳಗೆ ಹೋದರೆ ಬೀಗ ಬಿಚ್ಚುತ್ತದೆ. ಹೋಗದಿದ್ದರೆ ವಾರಸುದಾರರಿಲ್ಲದ ಸಿಂಹಾಸನ ನನ್ನದು. ಕಟ್ಟಳೆ ನೆನಪಿರಲಿ, ಕತ್ತಿ ತಾಗಕೂಡದು."

ದೊರೆ ಒರೆಯಿಂದ ಕತ್ತಿ ಹಿರಿದು ಬೀಸಿದ. ಗಾಳಿಗೆ ಬೀಸಿದ ಹಾಗಾಯಿತು, ಮಾಂತ್ರಿಕನಿಗೆ ಏನೂ ಆಗಲಿಲ್ಲ. ರಾಣಿ ಅಣ್ಣನ ಮುಖ ನೋಡಿದಳು. ಮಾಚನಿಗೆ ಮನೆಯಲ್ಲಿ ನಾಲ್ಕು ಮಕ್ಕಳು, ನಾಲ್ಕೂ ತೋಟದ ಬದುವಿನ ಮೇಲೆ ಕೂತು ಕೈಯಲ್ಲಿ ಸಿಕ್ಕಿದ್ದನ್ನು ತಿಂದು ಬೆಳೆದವು. ಅವುಗಳ ಕೈಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ಕಾಯುವುದರಲ್ಲೇ ಅವನ ಕೂದಲು ಅರ್ಧ ನೆರೆತಿತ್ತು. ಆಗಲಿ ಎಂದು ತಲೆಯಾಡಿಸಿದ.

ಮೊದಲನೆಯ ಬೆಳಗು ನೀಲಿ ಕರಡಿಯೊಂದು ಎರಡು ಕಾಲಿನ ಮೇಲೆ ನಡೆದುಕೊಂಡು ಬಂತು. ಅದರ ತಟ್ಟೆಯಲ್ಲಿ ಕಡಲೆಕಾಯಿ ಬೀಜ, ಬೋರೆಹಣ್ಣು, ಹುರಿಗಡಲೆ, ಗುಂಡು ಗುಂಡು ಸಕ್ಕರೆ ಮಿಠಾಯಿ, ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ ಬಿದ್ದ ಒಂದು ಬಾಳೆಹಣ್ಣು. ಆರಿಸು ಎಂದಿತು ಕರಡಿ. ಮಂತ್ರಿಗಳಿಗೆಲ್ಲ ಮಿಠಾಯಿಯ ಮೇಲೆ ಕಣ್ಣು. ಮಾಚ ಕಡಲೆಬೀಜವನ್ನು ಬೆರಳುಗಳ ನಡುವೆ ಒತ್ತಿ ನೋಡಿದ, ಜಗ್ಗಲಿಲ್ಲ. ಬೋರೆ ಒತ್ತಿದ, ಜಾರಿ ಹಾರಿತು. ಬಾಳೆಹಣ್ಣನ್ನು ಕೈಗೆತ್ತಿಕೊಂಡ.

ಇಡೀ ಬಾಳೆಹಣ್ಣು ಕೂಸಿನ ಮುಷ್ಟಿಯಲ್ಲಿ ನಿಲ್ಲುವುದು ಹೇಗೆ ಎಂದು ದೊರೆಗೆ ಚಿಂತೆ. ಮಾಚ ಸಿಪ್ಪೆ ಸುಲಿದು ಹಣ್ಣಿನ ತುದಿಗೆ ಬೆರಳು ಇಟ್ಟು ಮೆಲ್ಲಗೆ ಅದುಮಿದ. ಹಣ್ಣು ತಾನೇ ಉದ್ದಕ್ಕೆ ಮೂರು ಸೀಳಾಯಿತು. ಬಾಳೆಹಣ್ಣಿನ ಹುಟ್ಟೇ ಹಾಗೆ. ಕತ್ತಿ ತಾಗಲಿಲ್ಲ, ಕಟ್ಟಳೆ ಮುರಿಯಲಿಲ್ಲ, ಮಾಂತ್ರಿಕ ಹಲ್ಲು ಕಚ್ಚಿದ. ಸೀಳು ಕೈಯಿಂದ ಜಾರದಿರಲಿ ಎಂದು ಮಾಚ ಅದನ್ನು ರಾಗಿ ಹುರಿಹಿಟ್ಟಿನಲ್ಲಿ ಹೊರಳಿಸಿದ. ಜೇನಿನಲ್ಲಿ ಅದ್ದಪ್ಪ, ರಾಜಕುಮಾರಿಗೆ ಸಿಹಿ ಬೇಡವೇ ಎಂದು ಒಬ್ಬ ದೊಡ್ಡಮ್ಮ ಅಂದಳು. ವರ್ಷ ತುಂಬುವ ತನಕ ಜೇನಿನ ಮಾತೆತ್ತಬೇಡಿ ಅಮ್ಮ ಎಂದ ಮಾಚ. ದಾಸಿಯರು ಕೂಸನ್ನು ಪಟ್ಟೆದಿಂಬಿಗೆ ಒರಗಿಸಹೋದರು. ಅದಕ್ಕೂ ಅವನು ಬಿಡಲಿಲ್ಲ, ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಿಸಿ ಎದುರಿಗೆ ತಾನೂ ಕೂತ.

ಬಾಚಲೆ ಸೀಳನ್ನು ಮುಷ್ಟಿಯಲ್ಲಿ ಹಿಡಿದಳು. ಮುಷ್ಟಿಯ ಮೇಲೆ ಅರ್ಧ ಸೀಳು ಉಳಿದಿತ್ತು. ಮೊದಲು ಅದನ್ನು ಮೂಗಿಗೆ ತಿನ್ನಿಸಿದಳು, ಆಮೇಲೆ ಕಿವಿಗೆ. ಮೂರನೆಯ ಸಲ ಅದು ಬಾಯಿಗೆ ಸಿಕ್ಕಿತು. ಸ್ವಂತ ಕೈ ಬಂದಾಗ ಬೀಗದ ಬಾಯಿ ತೆರೆದುಕೊಂಡಿತು. ಕೂಸು ಬೊಚ್ಚು ಬಾಯಲ್ಲಿ ಹಣ್ಣನ್ನು ನುರಿದು ನುಂಗಿ, ಮುಖವೆಲ್ಲ ರಾಗಿಹಿಟ್ಟು ಮಾಡಿಕೊಂಡು ನಕ್ಕಿತು. ಇಡೀ ಸಭೆ ನಕ್ಕಿತು.

ಎರಡನೆಯ ಬೆಳಗು ನಾಲ್ಕು ಕೋರೆಯ ಹಂದಿ ಬಂತು. ಅದರ ತಟ್ಟೆಯಲ್ಲಿ ಹಸಿ ಮೂಲಂಗಿ, ಹಸಿ ಗಜ್ಜರಿ, ಹಸಿ ಗೆಣಸು, ಎಲ್ಲವೂ ಕಲ್ಲಿನ ಹಾಗೆ ಗಟ್ಟಿ. ಬೇಯಿಸಿಕೊಳ್ಳಲು ಅಡ್ಡಿಯಿಲ್ಲ ಎಂದಿತು ಹಂದಿ. ಮಾಚ ಬೆರಳಿನಷ್ಟೇ ದಪ್ಪದ, ಬೆರಳಿನಷ್ಟೇ ಉದ್ದದ ಎಳೆಗೆಣಸುಗಳನ್ನು ಆರಿಸಿ ಸಭೆಯ ನಡುವೆಯೇ ಒಲೆ ಹೂಡಿದ. ನೀರು ಕುದಿಯಿತು, ಘಮ ಬಂತು, ಕೂಸು ಕೈ ಚಾಚಿ ಅಳತೊಡಗಿತು. ಬೆಂದಿದೆ ಕೊಡಿ ಎಂದರು ಎಲ್ಲರೂ. ಮಾಚ ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದ. ಮೇಲೆ ಮೆತ್ತಗಿತ್ತು, ಒಳಗೆ ಗಟ್ಟಿ. ಮತ್ತೆ ಬೇಯಿಸಿದ, ಮತ್ತೆ ಒತ್ತಿದ, ಆಗಲೂ ಅದೇ. ಉರುಟಾಕ್ಷ ಬೆಂಕಿಗೆ ಮಂತ್ರ ಹಾಕಿದ್ದ.

ಕೂಸಿನ ಅಳು ಕೇಳಿ ರಾಣಿಗೆ ತಡೆಯಲಾಗಲಿಲ್ಲ. "ಸಾಕು ಬಿಡಣ್ಣ, ಕೊಟ್ಬಿಡು. ಎಷ್ಟೊತ್ತು ಅಳಿಸ್ತೀಯ?"

"ನನ್ನ ಬೆರಳಿಗೆ ಬಗ್ಗದ್ದು ಕೂಸಿನ ವಸಡಿಗೆ ಬಗ್ಗುತ್ತೇನವ್ವ? ಅತ್ರೆ ಅಳಲಿ. ಅಳೋ ಕೂಸಿಗೆ ಉಸಿರಿರುತ್ತೆ."

ಮಾಚ ಬೇಯದ ಗೆಣಸನ್ನು ಬಿಸಾಡಲು ಮನಸ್ಸಾಗದೆ ಹಂದಿಯ ಮುಂದೆ ಇಟ್ಟ. ಆ ಹಂದಿಗೆ ನೂರು ವರ್ಷದಿಂದ ಮಾಂತ್ರಿಕ ಬರಿಯ ಕಲ್ಲು ತಿನ್ನಿಸಿದ್ದ. ಅರ್ಧ ಬೆಂದ ಗೆಣಸನ್ನು ಅಗಿಯುತ್ತ ಅದು ಗಳಗಳ ಅತ್ತಿತು. ಅತ್ತು ಮುಗಿಸಿ ಒಲೆಯ ಬಳಿ ಹೋಗಿ ಫೂ ಎಂದು ಊದಿತು. ನೀಲಿಯಾಗಿ ಉರಿಯುತ್ತಿದ್ದ ಬೆಂಕಿ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಉಳಿದ ಗೆಣಸು ಬೆರಳ ನಡುವೆ ಬೆಣ್ಣೆಯಾಯಿತು. ಮಾಚ ಅದರ ಬಿಸಿ ಆರಿಸಿ, ಸಿಪ್ಪೆ ತೆಗೆದು ಚಾಪೆಯ ಮೇಲಿಟ್ಟ. ಬಾಚಲೆ ಒಂದನ್ನು ತಿಂದು, ಇನ್ನೊಂದನ್ನು ಮಾವನ ತಲೆಗೆ ಹಚ್ಚಿದಳು. ಹಂದಿ ಒಡೆಯನ ಕಡೆ ತಿರುಗಿಯೂ ನೋಡದೆ ಅಡಿಗೆಮನೆಗೆ ಹೊರಟಿತು.

ಮೂರನೆಯ ಬೆಳಗು ಕಪ್ಪು ಮೂತಿಯ, ಮೂರು ಬಾಲದ ಮುಸುವ ಕೋತಿ ಬಂತು. ಅದರ ತಟ್ಟೆಯಲ್ಲಿ ಒಂದೇ ಒಂದು ದ್ರಾಕ್ಷಿ ಗೊಂಚಲು. ಬೀಜವಿಲ್ಲದ, ನುಣುಪಾದ ದುಂಡನೆಯ ಹಣ್ಣುಗಳು. ಬೇರೆ ಆರಿಸಲು ಏನೂ ಇರಲಿಲ್ಲ. ಮಾಚ ಒಂದು ಹಣ್ಣನ್ನು ಬಿಸಿಲಿಗೆ ಹಿಡಿದು ನೋಡಿದ. ನಡುವೆ ಸಾಸಿವೆಕಾಳಿನಷ್ಟು ಏನೋ ಕಾಲು ಆಡಿಸುತ್ತಿತ್ತು. ಮೊದಲ ಸಲ ಅವನ ಮುಖ ಬಾಡಿತು.

ಇದನ್ನು ಇಡಿಯಾಗಿ ಕೊಟ್ಟರೆ ಕೂಸು ಉಳಿಯುವುದಿಲ್ಲ, ಬಾಳೆಹಣ್ಣಿನ ಹಾಗೆ ಬೆರಳಿಗೆ ಸೀಳುವುದೂ ಅಲ್ಲ, ಇದನ್ನು ಕತ್ತಿಯಿಂದಲೇ ಸೀಳಬೇಕು ಎಂದು ಅವನು ದೊರೆಗೆ ಹೇಳಿದ. ಉರುಟಾಕ್ಷ ನಗುತ್ತ ಎಚ್ಚರಿಸಿದ, ಅರಮನೆಯಲ್ಲಿ ಯಾರು ಕತ್ತಿ ತಾಗಿಸಿ ಬಡಿಸಿದರೂ ಅರಸನ ಕಿರೀಟ ಕರಗಿ ಹೋಗುತ್ತದೆ ಎಂದು. ದೊರೆ ಸಿಂಹಾಸನದಿಂದ ಇಳಿದು, ಅಡಿಗೆಯವರಿಂದ ಈಳಿಗೆಮಣೆ ತರಿಸಿ, ಪೀತಾಂಬರ ಮೇಲಕ್ಕೆತ್ತಿ ಅದರ ಮೇಲೆ ಕೂತ.

"ಹೇಗೆ ಹೆಚ್ಚಬೇಕು ಹೇಳು ಭಾವ. ನಾನು ಹುಟ್ಟಿದ ಮೇಲೆ ಏನನ್ನೂ ಹೆಚ್ಚಿದವನಲ್ಲ."

"ಅಡ್ಡಕ್ಕೆ ಬೇಡಿ ದೊರೆ, ಅಡ್ಡಕ್ಕೆ ಕುಯ್ದ್ರೆ ಮತ್ತೆ ದುಂಡಗೇ ಇರುತ್ತೆ. ಉದ್ದಕ್ಕೆ ಕುಯ್ಯಿರಿ, ಒಂದನ್ನ ನಾಲ್ಕು ಮಾಡಿ."

ದೊರೆ ನಾಲಿಗೆ ಕಚ್ಚಿಕೊಂಡು, ಹೆಬ್ಬೆರಳಿಗೆ ಎರಡು ಕಡೆ ಗಾಯ ಮಾಡಿಕೊಂಡು, ಒಂದೊಂದೇ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದ. ಮೊದಲ ಸೀಳಿಗೇ ಕಿರೀಟ ಕರಗಿ ಕೆಸರಾಗಿ ಹೆಗಲ ಮೇಲೆ ಇಳಿಯಿತು. ಅರಸನ ತಲೆ ನುಣ್ಣಗೆ ಬೋಳು ಎಂಬುದು ಆವತ್ತು ಪ್ರಜೆಗಳಿಗೆಲ್ಲ ಗೊತ್ತಾಯಿತು. ಅವನು ತಲೆ ಎತ್ತಿ ಕೂಡ ನೋಡಲಿಲ್ಲ, ಕೈಕೆಲಸ ಬಿಡಲಿಲ್ಲ. ಪ್ರತಿ ಹಣ್ಣಿನಿಂದ ಒಂದೊಂದು ಗಂಟಲುಗಳ್ಳ ಹೊರಬಿದ್ದು, ಅಡಗಲು ದುಂಡು ಜಾಗ ಸಿಗದೆ ಕಲ್ಲುಹಾಸಿನ ಮೇಲೆ ಒಣಗಿ ಹೋಯಿತು. ಮಾಚ ಸೀಳುಗಳನ್ನು ಒಂದೊಂದಾಗಿ ನೋಡಿ ಕೂಸಿನ ಮುಂದಿಟ್ಟ.

ಬಾಚಲೆ ಒಂದು ಸೀಳನ್ನು ಹೆಕ್ಕಿ ಬಾಯಿಗಿಟ್ಟಳು. ಎರಡು ಸಲ ನುರಿದಳು. ಆಮೇಲೆ ಅವಳ ಕಣ್ಣು ದೊಡ್ಡದಾಯಿತು, ಮುಖ ಕೆಂಪಾಯಿತು, ವ್ಯಾಕ್ ಎಂದು ಓಕರಿಸಿ ಕೆಮ್ಮತೊಡಗಿದಳು. ಸಭೆಗೆ ಸಭೆಯೇ ಎದ್ದಿತು. ರಾಣಿ ಚಾಪೆಯ ಮೇಲೆ ಬಿದ್ದು, ಬಾಯಿಗೆ ಬೆರಳು ಹಾಕಿ ತೆಗೆಯಲು ಕೈ ಚಾಚಿದಳು. ಉರುಟಾಕ್ಷ ಕಾದಿದ್ದದ್ದು ಅದಕ್ಕೇ. ಗಾಬರಿಯಲ್ಲಿ ಒಂದು ಬೆರಳು ಒಳಗೆ ಹೋದರೆ ಸಾಕು, ಮುಂದಕ್ಕೆ ಬರುತ್ತಿದ್ದದ್ದು ಹಿಂದಕ್ಕೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮಾಚ ತಂಗಿಯ ಎರಡೂ ಕೈಗಳನ್ನು ಹಿಡಿದುಕೊಂಡ. "ಮುಟ್ಟಬೇಡ ಕೇತವ್ವ. ಸದ್ದು ಕೇಳ್ತಾ ಇದೆಯಲ್ಲ, ಗಾಳಿ ಆಡ್ತಾ ಇದೆ. ಸದ್ದು ನಿಂತ್ರೆ ಮೊದಲು ಎತ್ತಿ ಬೋರಲು ಹಾಕಿ ಬೆನ್ನಿಗೆ ತಟ್ಟೋನು ನಾನೇ. ಈಗ ಅವಳು ತನ್ನ ಕೆಲಸ ಮಾಡ್ತಾವ್ಳೆ, ಮಾಡ್ಲಿ ಬಿಡು."

ಕೂಸಿನ ಮುಖದಿಂದ ಅವನು ಕಣ್ಣು ಕೀಳಲಿಲ್ಲ. ರಾಣಿ ತನ್ನ ಕೈಗಳನ್ನು ತಾನೇ ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಅದು ಅವಳ ಜೀವನದಲ್ಲೇ ಕಷ್ಟದ ಕೆಲಸವಾಗಿತ್ತು. ಕೂಸು ಇನ್ನೊಮ್ಮೆ ಓಕರಿಸಿತು, ಕೆಮ್ಮಿತು, ನಾಲಿಗೆಯಿಂದ ತಳ್ಳಿತು. ದ್ರಾಕ್ಷಿಯ ಸಿಪ್ಪೆ ಗದ್ದದ ಮೇಲೆ ಜಾರಿ ಬಿತ್ತು. ಬಾಚಲೆ ಅದನ್ನು ಹೆಕ್ಕಿ, ತಿರುಗಿಸಿ ನೋಡಿ, ಪಕ್ಕಕ್ಕೆ ಎಸೆದು, ಇನ್ನೊಂದು ಸೀಳನ್ನು ಬಾಯಿಗಿಟ್ಟು ಸಲೀಸಾಗಿ ನುಂಗಿದಳು.

ಮೂರನೆಯ ತಿನಿಸು ಒಳಗೆ ಹೋಯಿತು. ಠಣ್ ಎಂದು ಎಲ್ಲಿಯೋ ಬೀಗ ಬಿಚ್ಚಿದ ಸದ್ದಾಯಿತು. ಉರುಟಾಕ್ಷ ಬಾಯಿ ತೆರೆದ, ಮಂತ್ರ ಬರಲಿಲ್ಲ. ಅವನ ಕೈಕಾಲು ಹೊಟ್ಟೆಯೊಳಗೆ ಸೇರಿಕೊಂಡವು, ಕುತ್ತಿಗೆ ಹೆಗಲಿಗೆ ಇಳಿಯಿತು, ನೋಡನೋಡುತ್ತ ಅವನು ಒಂದು ದೊಡ್ಡ ಗುಂಡಾಗಿ ಅರಮನೆಯ ಮೆಟ್ಟಿಲಿನಿಂದ ದಡದಡ ಉರುಳಿ, ಕೋಟೆ ಬಾಗಿಲು ದಾಟಿ, ಏಳು ಬೆಟ್ಟಗಳನ್ನೂ ದಾಟಿ ಹೋದ. ಇಳಿಜಾರು ಮುಗಿಯುವ ತನಕ ಉರುಳುತ್ತಲೇ ಇರುತ್ತಾನೆ, ಯಾರೂ ಬೇಸರ ಪಡಬೇಡಿ. ಕರಡಿಗೂ ಮುಸುವಕ್ಕೂ ಅವನ ಕಟ್ಟು ಬಿಚ್ಚಿತು.

ದೊರೆ ಆ ದಿನವೇ ಹಳೆಯ ಕಟ್ಟಳೆಯನ್ನು ಅಳಿಸಿಹಾಕಿದ. ಬೋಳುತಲೆಗೆ ಒಂದು ಸಾದಾ ರುಮಾಲು ಸುತ್ತಿಕೊಂಡು, ಅದೇ ಈಳಿಗೆಮಣೆಯ ಮೇಲೆ ಕೂತು ಇಡೀ ಊರಿನ ಊಟಕ್ಕೆ ತಾನೇ ಕುಂಬಳಕಾಯಿ ಹೆಚ್ಚಿದ. ಬೆಂದ ಹೋಳುಗಳನ್ನು ಹಂದಿ ಒಂದೊಂದಾಗಿ ಮೂಗಿನಿಂದ ಒತ್ತಿ ಪರೀಕ್ಷೆ ಮಾಡಿತು. ಮಾಚ ಬೆಲ್ಲದ ಹೋಳಿಗೆ ಕಟ್ಟಿಸಿಕೊಂಡು ತನ್ನ ನಾಲ್ಕು ಮಕ್ಕಳ ಕಡೆ ಹೊರಟ.

ಅವನು ಹೊರಡುವ ಮುಂಚೆ ರಾಣಿ ಕೂಸಿನ ಎದುರು ಕೂತಳು. ಬೀಗ ಬಿಚ್ಚಿತ್ತು, ಇನ್ನು ಅವಳು ಕೊಟ್ಟ ತುತ್ತಿಗೆ ಬಾಯಿ ತೆರೆಯುತ್ತದೆ. ಆ ಆಸೆಯನ್ನು ಅವಳು ಎಂಟು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಮೆತ್ತಗಿನ ಕುಂಬಳದ ಹೋಳೊಂದನ್ನು ಹಿಸುಕಿ ತುಟಿಯ ಹತ್ತಿರ ತಂದಳು. ಬಾಚಲೆ ಬಾಯಿ ತೆರೆದಳು. ತೆರೆದವಳು ತಾಯಿಯ ಬೆರಳಿನಿಂದ ಹೋಳನ್ನು ಕಿತ್ತುಕೊಂಡು, ಸ್ವಲ್ಪ ಹೊತ್ತು ಯೋಚನೆ ಮಾಡಿ, ತನ್ನ ಪುಟ್ಟ ಮುಷ್ಟಿಯಿಂದ ಅದನ್ನು ತಾಯಿಯ ಬಾಯಿಗೆ ತುರುಕಿದಳು.

ಕೇತಲೆ ಅಳುತ್ತ, ನಗುತ್ತ ಅದನ್ನು ನುಂಗಿದಳು. ಪೂರ್ಣಗಿರಿಯವರೆಲ್ಲ ಅಂದಿನಿಂದ ಹೆಚ್ಚಿಕೊಂಡು, ಹಂಚಿಕೊಂಡು, ನೆಟ್ಟಗೆ ಕೂತು, ನಿಧಾನವಾಗಿ ಉಂಡು ಸುಖವಾಗಿ ಬಾಳಿದರು.